ಲೂಪ್ ಕತ್ತರಿಸೋದು ಸುಲಭ, ತಿದ್ದೋದು ಕಷ್ಟ

ಹಾಡು ಮಾಡುವ ಸಾಫ್ಟ್‌ವೇರ್ ಬಳಸುವವರಿಗೆ ಲೂಪ್ ಹೊಸದಲ್ಲ. ನಾಲ್ಕೈದು ಸೆಕೆಂಡಿನ ತಾಳದ ರೆಕಾರ್ಡಿಂಗ್, ಅದನ್ನೇ ಮತ್ತೆ ಮತ್ತೆ ನುಡಿಸೋದು, ಅಷ್ಟೇ. ಅದನ್ನು ಒಂದೊಂದು ಪೆಟ್ಟಿಗೂ ಕತ್ತರಿಸಿ, ಆ ಸ್ಲೈಸ್‌ಗಳನ್ನು ಅಂದರೆ ತುಣುಕುಗಳನ್ನು ಬೇರೆ ಕ್ರಮದಲ್ಲಿ ಜೋಡಿಸಿದರೆ ಇನ್ನೊಂದು ತಾಳವೇ ಸಿಗುತ್ತದೆ. 1969ರಲ್ಲಿ ಅಮೆರಿಕದ ದಿ ವಿನ್‌ಸ್ಟನ್ಸ್ ತಂಡದ 'ಅಮೆನ್, ಬ್ರದರ್' ಟ್ರ್ಯಾಕಿಗೆ ಗ್ರೆಗರಿ ಕೋಲ್ಮನ್ ನುಡಿಸಿದ ಏಳು ಸೆಕೆಂಡಿನಷ್ಟು ಡ್ರಮ್ ಭಾಗ ಇದಕ್ಕೆ ಪ್ರಸಿದ್ಧ ಉದಾಹರಣೆ. 1990ರ ದಶಕದ ಇಂಗ್ಲೆಂಡಿನ ಜಂಗಲ್ ಸಂಗೀತದ ಎಷ್ಟೋ ಟ್ರ್ಯಾಕ್‌ಗಳು ಅದರ ತುಣುಕುಗಳ ಮೇಲೇ ನಿಂತಿವೆ. 1994ರಲ್ಲಿ ಸ್ವೀಡನ್ನಿನ ಪ್ರೊಪೆಲ್ಲರ್‌ಹೆಡ್ ಕಂಪನಿ ರೀಸೈಕಲ್ ಎಂಬ ಸಾಫ್ಟ್‌ವೇರ್ ತಂದಿತು. ಪೆಟ್ಟು ಎಲ್ಲಿ ಬಿದ್ದಿದೆ ಅಂತ ಹುಡುಕುವ ಕೆಲಸವನ್ನು ಅದು ಕಂಪ್ಯೂಟರಿಗೆ ವಹಿಸಿತು.

ಹುಡುಕುವ ಕೆಲಸ ಇವತ್ತು ಹೆಚ್ಚುಕಡಿಮೆ ಚೆನ್ನಾಗೇ ಆಗುತ್ತೆ. ನಮ್ಮ ತಕರಾರು ಇರೋದು ಆಮೇಲಿನ ಹೆಜ್ಜೆಯಲ್ಲಿ.

ಸಾಮಾನ್ಯ ಪದ್ಧತಿ ನೋಡಿ. ತುಣುಕುಗಳನ್ನು ಎಡದಿಂದ ಬಲಕ್ಕೆ ಎಣಿಸಿ ಮೊದಲನೆಯದಕ್ಕೆ ಮಿಡಿ ನೋಟ್ 36, ಎರಡನೆಯದಕ್ಕೆ 37, ಹೀಗೆ ಕೊಡುತ್ತಾ ಹೋಗುತ್ತಾರೆ. ನೀವು 16 ತುಣುಕುಗಳನ್ನು ಇಟ್ಟುಕೊಂಡು ಇಡೀ ಹಾಡಿನ ತಾಳ ಜೋಡಿಸಿದ್ದೀರಿ ಅನ್ನಿ. ಆಮೇಲೆ ಕೇಳಿಸುತ್ತೆ, ನಾಲ್ಕನೇ ತುಣುಕಿನಲ್ಲಿ ಒಂದಲ್ಲ, ಎರಡು ಪೆಟ್ಟು ಇದೆ. ಅಲ್ಲೊಂದು ಹೊಸ ಗೆರೆ ಹಾಕ್ತೀರಿ. ಈಗ ಹಳೇ ಐದನೆಯದು ಆರನೆಯದಾಯಿತು, ಆರನೆಯದು ಏಳಾಯಿತು. ನೋಟ್ 40 ಒತ್ತಿದರೆ ಬರೋದು ನಾಲ್ಕನೆಯದರ ಬಾಲ. ಒಂದು ಗೆರೆಗೆ ಹಾಡೆಲ್ಲ ಚೆಲ್ಲಾಪಿಲ್ಲಿ. ಇನ್ನು ಕೆಲವು ಸಾಫ್ಟ್‌ವೇರ್‌ಗಳು ಪ್ರತಿ ತುಣುಕನ್ನೂ ಬೇರೆ ಸ್ಯಾಂಪ್ಲರ್‌ಗೆ ಹಾಕಿ ಮೂಲ ಲೂಪಿನ ನಂಟನ್ನೇ ಕಡಿದುಬಿಡುತ್ತವೆ. ಗೆರೆ ಬದಲಿಸಬೇಕಾದರೆ ಮೊದಲಿಂದ ಶುರು. ಇದರಿಂದ ಆಗೋದೇನು? ತಪ್ಪು ಕಡೆ ಕತ್ತರಿಸಿದೆ ಅಂತ ಗೊತ್ತಿದ್ದರೂ ಹುಡುಗರು ಮುಟ್ಟೋಕೆ ಹೆದರಿ ಹಾಗೇ ಬಿಡ್ತಾರೆ. ಆ ತಪ್ಪೇ ಹಾಡಿನೊಳಗೆ ಉಳಿಯುತ್ತೆ.

ಡೇಟಾ ಸ್ಟ್ರಕ್ಚರ್ಸ್ ಓದಿದವರಿಗೆ ಕಾಯಿಲೆ ತಕ್ಷಣ ಗೊತ್ತಾಗಬೇಕು: ಅರೇ ಇಂಡೆಕ್ಸನ್ನೇ ಪ್ರೈಮರಿ ಕೀ ಮಾಡಿಕೊಂಡಿದ್ದಾರೆ! ಪ್ರತಿ ತುಣುಕಿಗೂ ಬದಲಾಗದ ಒಂದು ಐಡಿ ಕೊಡಬೇಕು, ಜೋಡಣೆ ಆ ಐಡಿಯನ್ನು ನೆಚ್ಚಿಕೊಂಡಿರಬೇಕು. ತುಣುಕನ್ನು ಒಡೆದಾಗ ಮುಂದಿನರ್ಧಕ್ಕೆ ಹಳೇ ಐಡಿ, ಹಿಂದಿನರ್ಧಕ್ಕೆ ಹೊಸದು. ಹಳೆಯದನ್ನು ಕರೆದ ಕಡೆಯೆಲ್ಲ ಎರಡೂ ಬೆನ್ನುಬೆನ್ನಿಗೆ ನುಡಿಯಲಿ. ಆಗ ಗೆರೆ ಹಾಕಿದ ಕ್ಷಣದಲ್ಲಿ ಹಾಡು ಒಂದಿಷ್ಟೂ ಬದಲಾಗುವುದಿಲ್ಲ, ಬದಲಿಸುವ ಅವಕಾಶ ಮಾತ್ರ ಸಿಗುತ್ತದೆ. ಮಿಡಿ ನೋಟ್ ಬರೀ ತೋರಿಕೆಗೆ ಇದ್ದರೆ ಸಾಕು.

ತುಣುಕಿಗೆ ಆರಂಭ, ಅಂತ್ಯ ಎರಡೇ ಬಿಂದು ಸಾಲದು ಅನ್ನೋದು ನಮ್ಮ ಇನ್ನೊಂದು ವಾದ. ಡ್ರಮ್ಮಿನಲ್ಲಿ ಮುಖ್ಯ ಪೆಟ್ಟಿಗೆ ಸ್ವಲ್ಪ ಮುಂಚೆ ಒಂದು ಸಣ್ಣ ಪೆಟ್ಟು ಬೀಳೋದುಂಟು. ಸಣ್ಣದನ್ನು ಸೇರಿಸಿ ಕತ್ತರಿಸಿದರೆ ಮುಖ್ಯ ಪೆಟ್ಟು ತಡವಾಗುತ್ತೆ, ಬಿಟ್ಟು ಕತ್ತರಿಸಿದರೆ ಸೊಗಸು ಹೋಗುತ್ತೆ. ಮೂರನೇ ಬಿಂದುವೊಂದು 'ತಾಳಕ್ಕೆ ಕೂರಬೇಕಾದ್ದು ಇಲ್ಲಿ' ಅಂತ ಹೇಳಿದರೆ ಜಗಳ ಮುಗಿಯಿತು. ಮೃದಂಗದ ಲೂಪ್ ಇದಕ್ಕಿಂತ ಕಷ್ಟ. ಎಡಗೈಯ ಗುಂಯ್ ಎನ್ನುವ ನಾದ ಮುಗಿಯುವ ಮೊದಲೇ ಬಲಗೈ ಎರಡು ಪೆಟ್ಟು ಹಾಕಿರುತ್ತೆ. ಪೆಟ್ಟಿಗೊಂದು ಗೆರೆ ಎಳೆದರೆ ಆ ನಾದ ಮಧ್ಯದಲ್ಲೇ ತುಂಡು. ಒಂದರ ಬಾಲ ಇನ್ನೊಂದರ ಮೇಲೆ ಚಾಚಲು ಬಿಡುವ ಸೌಲಭ್ಯ ಬೇಕು, ಅಂದರೆ ತುಣುಕಿನ ಅಂತ್ಯವನ್ನು ಮುಂದಿನದರ ಆರಂಭಕ್ಕೆ ಕಟ್ಟಿಹಾಕಬಾರದು. ವೇಗ ಇಳಿಸಿದಾಗಲೂ ಇದು ಬೇಕಾಗುತ್ತೆ: ನಿಮಿಷಕ್ಕೆ 120 ಬೀಟ್ ಇರುವ ಲೂಪಿನಲ್ಲಿ ಕಾಲು ಬೀಟಿನ ತುಣುಕು 125 ಮಿಲಿಸೆಕೆಂಡು, ವೇಗ 100ಕ್ಕೆ ಇಳಿದರೆ ಆ ಜಾಗ 150 ಆಗುತ್ತೆ, ನಡುವೆ 25 ಮಿಲಿಸೆಕೆಂಡು ಖಾಲಿ. ಲೂಪ್ ಬಿಕ್ಕಳಿಸಿದ ಹಾಗೆ ಕೇಳೋದು ಅದಕ್ಕೇ.

'16 ಸಮಭಾಗ' ಎಂಬ ಬಟನ್ ಬಗ್ಗೆಯೂ ಒಂದು ಮಾತು. ನಾಲ್ಕು ಬೀಟಿನ ಸಂಗೀತಕ್ಕೆ ಅದು ಸರಿ. ಏಳು ಎಣಿಕೆಯ ಮಿಶ್ರಛಾಪುವಿನ ಒಂದು ಆವರ್ತವನ್ನು 16 ಮಾಡಿದರೆ ಮೊದಲ ಗೆರೆ ಬಿಟ್ಟು ಮತ್ಯಾವುದೂ ಎಣಿಕೆಯ ಮೇಲೆ ಬೀಳಲ್ಲ. ಬಟನ್ ಒತ್ತಿದಾಗ ಎಷ್ಟು ಭಾಗ ಅಂತ ಕೇಳಿದರೆ ಏನು ಗಂಟು ಹೋಗುತ್ತೆ? 7, 14, 28, ಏನಾದರೂ ಕೊಡಬಹುದು.

ಇನ್ನು ಕೋಡ್ ಬರೆಯೋಕೆ ಹೊರಟವರಿಗೆ. ಸೆಕೆಂಡಿಗೆ 44,100 ಸ್ಯಾಂಪಲ್ ಲೆಕ್ಕದಲ್ಲಿ ಮೇಲಿನ ಕಾಲು ಬೀಟು 5512.5 ಸ್ಯಾಂಪಲ್. ಆ ಅರ್ಧವನ್ನು ಪ್ರತಿ ಸಲ ಕತ್ತರಿಸಿ ಎಸೆದು ಕೂಡುತ್ತಾ ಹೋದರೆ, ನಾಲ್ಕು ಬೀಟಿಗೆ 8 ಸ್ಯಾಂಪಲ್ ನಷ್ಟ, ಐದು ನಿಮಿಷದ ಹಾಡಿಗೆ 1200. ಅಂದರೆ ಸುಮಾರು 27 ಮಿಲಿಸೆಕೆಂಡು. ಜೊತೆಗಿನ ವಾದ್ಯಕ್ಕೂ ಇದಕ್ಕೂ ಹೊಂದಿಕೆ ತಪ್ಪಿದ್ದು ಕಿವಿಗೇ ಗೊತ್ತಾಗಬಹುದು. ಪ್ರತಿ ತುಣುಕಿನ ಜಾಗವನ್ನೂ ಹಾಡಿನ ಆರಂಭದಿಂದಲೇ ಲೆಕ್ಕ ಹಾಕಿ, ಆಮೇಲೆ ಪೂರ್ಣಾಂಕ ಮಾಡಿ.

ನಿಮ್ಮ ಸಾಫ್ಟ್‌ವೇರ್ ಹೇಗಿದೆ ಅಂತ ನೋಡೋಕೆ ಐದು ನಿಮಿಷ ಸಾಕು. ಯಾವುದಾದರೂ ಲೂಪನ್ನು ಕತ್ತರಿಸಿ, ತುಣುಕುಗಳನ್ನು ಹಿಂದುಮುಂದಾಗಿ ಜೋಡಿಸಿ, ಆಮೇಲೆ ನಾಲ್ಕನೇ ತುಣುಕಿನ ನಡುವೆ ಒಂದು ಗೆರೆ ಹಾಕಿ. ಪ್ಲೇ ಒತ್ತಿ.