ಇಂದಿನ ಧಮ್ಮ ಚಿಂತನೆ: ಕಾಂಪೌಂಡ್ ಮೇಲಿನ ಲೋಟ



ಇವತ್ತು ನನ್ನದೇ ಒಂದು ತಪ್ಪನ್ನು ಮುಂದಿಟ್ಟುಕೊಂಡು ವಿನಯದ ಒಂದು ನಿಯಮ ಓದೋಣ.

ಅಪ್ಪ ಕೆಲಸಕ್ಕೆ ಒಯ್ಯುತ್ತಿದ್ದ ಸ್ಟೀಲ್ ಟಿಫಿನ್ ಕ್ಯಾರಿಯರ್ ಪಕ್ಕದ ಪಟ್ಟಿ ಮುರಿದು, ಮುಚ್ಚಳ ಕಳೆದು ಅಟ್ಟದ ಮೇಲೆ ಬಿದ್ದಿತ್ತು. ಗುಜರಿಗೆ ಹಾಕಲು ಮನಸ್ಸಾಗಲಿಲ್ಲ. ಮೇಲಿನ ಚಿಕ್ಕ ಡಬ್ಬಿಯನ್ನು ಹಿಡಿ ಇರುವ ಲೋಟ ಮಾಡೋಣ ಅಂದುಕೊಂಡೆ. ಡಬ್ಬಿಯ ಎರಡೂ ಬದಿಗೆ ಪಟ್ಟಿ ತೂರಿಸುವ ಕಿವಿ ಇರುತ್ತದಲ್ಲ, ಒಂದನ್ನು ಉಳಿಸಿ ಇನ್ನೊಂದನ್ನು ಅರದಿಂದ ಉಜ್ಜಿ ತೆಗೆದೆ. ಮುರಿದ ಪಟ್ಟಿಯನ್ನೇ ಬಗ್ಗಿಸಿ ಹಿಡಿ ಮಾಡಿದೆ. ಅದರ ಮೇಲ್ತುದಿ ಕಿವಿಯೊಳಗೆ ಕೂತಿತು. ಕೆಳತುದಿಗೆ ತೂತು ಕೊರೆದು ಬೋಲ್ಟ್ ಹಾಕಲು ಹೊರಟಿದ್ದೆ. ವೆಲ್ಡಿಂಗ್ ಅಂಗಡಿಯವರು ನಕ್ಕು, "ತೂತು ಮಾಡಿದ್ರೆ ನೀರು ನಿಲ್ಲುತ್ತಾ ಸಾರ್?" ಅಂತ ಎರಡು ಚುಕ್ಕಿ ಬೆಸೆದು ಕೊಟ್ಟರು. ರಾತ್ರಿಯಿಡೀ ನೀರು ತುಂಬಿಟ್ಟೆ, ಸೋರಲಿಲ್ಲ. ಬಾಯಿ ಮಾತ್ರ ಅಗಲ, ಆತುರಪಟ್ಟು ಕುಡಿದರೆ ಅಂಗಿಯೆಲ್ಲ ಒದ್ದೆ. ಬಿಸಿ ಟೀಗೆ ಆಗಿಬರದು, ಕೈ ಸುಡುತ್ತದೆ.

ಆ ಲೋಟದ ಫೋಟೋ ಈ ಗುಂಪಿಗೂ ಹಾಕಿದ್ದೆ. ಜೊತೆಗೆ ಭಿಕ್ಖು ಪಾತಿಮೊಕ್ಖದ ನಿಯಮವನ್ನೂ ಬರೆದಿದ್ದೆ: ಇರುವ ಪಾತ್ರೆಗೆ ಐದು ತೇಪೆ ಬೀಳುವ ಮೊದಲು ಭಿಕ್ಖು ಹೊಸದನ್ನು ತರಿಸಿಕೊಳ್ಳಬಾರದು. ನೀವೆಲ್ಲ ಸಾಧು ಸಾಧು ಅಂದಿರಿ. ನನಗೂ ಸ್ವಲ್ಪ ಹೆಮ್ಮೆಯೇ ಆಯಿತು.

ಬೇಸಿಗೆ ಬಂತು. ನಮ್ಮ ಬೀದಿ ಗುಡಿಸುವ ಅಕ್ಕ ದಿನಾ ನೀರು ಕೇಳುತ್ತಿದ್ದರು. ಪಾಪ, ಬಾಗಿಲು ಬಡಿಯುವ ಕಷ್ಟ ಯಾಕೆ ಅಂತ ಕಾಂಪೌಂಡ್ ಮೇಲೆ ನೀರಿನ ಕ್ಯಾನ್ ಇಟ್ಟು, ಪಕ್ಕದಲ್ಲಿ ಈ ಲೋಟ ಇಟ್ಟೆ.

ಊರಿಂದ ಅವ್ವ ಬಂದಳು. ಗೇಟು ದಾಟುವಾಗಲೇ ನಿಂತು ಕೇಳಿದಳು:

"ಯಾರ್ದಪ್ಪ ಆ ಲೋಟ?"

"ಬೀದಿ ಗುಡಿಸೋ ಅಕ್ಕಂಗೆ ಅವ್ವ."

"ಒಳಗಿನ ಲೋಟೆಲ್ಲಾ ಏನಾಗವೆ?"

ನಾನು ವಾದಕ್ಕಿಳಿದೆ. ನಾವೇ ಮುಟ್ಟಿಸಿಕೊಳ್ಳದ ಜಾತಿಯಿಂದ ಬಂದವರು, ನಾವು ಭೇದ ಮಾಡುತ್ತೇವಾ, ಇದು ಅನುಕೂಲಕ್ಕೆ ಇಟ್ಟದ್ದು ಅಂದೆ. ಅವ್ವ ವಾದ ಮಾಡಲಿಲ್ಲ. ಅವಳು ಹುಡುಗಿಯಾಗಿದ್ದಾಗ ಊರಿನ ಟೀ ಅಂಗಡಿಯಲ್ಲಿ ನಮ್ಮವರಿಗೆ ಕರಟ. ಸೂರಿಗೆ ಸಿಕ್ಕಿಸಿರುತ್ತಿದ್ದರಂತೆ. ತೆಗೆದುಕೊಂಡು, ದೂರದಿಂದ ಹುಯ್ಯಿಸಿಕೊಂಡು ಕುಡಿದು, ತಾನೇ ತೊಳೆದು ಮತ್ತೆ ಅಲ್ಲೇ ಸಿಕ್ಕಿಸಬೇಕು. ಆಮೇಲೆ ಕರಟ ಹೋಗಿ ಗಾಜಿನ ಲೋಟ ಬಂತು, ಅದೂ ಬೇರೆಯೇ. "ನಿಮ್ಮಪ್ಪ ಈ ಕ್ಯಾರಿಯರ್ ತಗಂಡಿದ್ದೇ ಆ ಲೋಟ ಮುಟ್ಟಬಾರ್ದು ಅಂತ" ಅಂದಳು. ಇದು ನನಗೆ ಗೊತ್ತಿರಲಿಲ್ಲ. ಅಪ್ಪ ಹೇಳಿರಲೇ ಇಲ್ಲ.

ಜಾತಿಯನ್ನು ಬಾಬಾಸಾಹೇಬರು ಬರೀ ಅಸಮಾನತೆ ಅನ್ನಲಿಲ್ಲ, ಶ್ರೇಣೀಕೃತ ಅಸಮಾನತೆ ಅಂದರು. ಯಾವ ಮೆಟ್ಟಿಲಲ್ಲಿ ನಿಂತವನಿಗೂ ಕೆಳಗೊಬ್ಬ ಸಿಗುತ್ತಾನೆ. ಇದನ್ನು ವಿಹಾರದಲ್ಲಿ ಎಷ್ಟು ಸಲ ಓದಿಸಿದ್ದೇನೋ! ಮಹಾಡದ ಚವದಾರ್ ಕೆರೆಯನ್ನು ಅಲ್ಲಿನ ಪುರಸಭೆ 1924ರಲ್ಲೇ ಎಲ್ಲರಿಗೂ ತೆರೆದಿತ್ತು, ಕಾಗದದ ಮೇಲೆ. ನಮ್ಮವರು ಅಲ್ಲಿ ಬೊಗಸೆಯೊಡ್ಡಿದ್ದು 1927ರ ಮಾರ್ಚ್ 20ರಂದು, ಬಾಬಾಸಾಹೇಬರ ಜೊತೆ. ಹೋದದ್ದು ಬರೀ ಬಾಯಾರಿಕೆಗಲ್ಲ, ಮಿಕ್ಕವರ ಹಾಗೆ ನಾವೂ ಮನುಷ್ಯರು ಎಂದು ತೋರಿಸಲಿಕ್ಕೆ ಎಂದು ಆಮೇಲೆ ಅವರೇ ವಿವರಿಸಿದರು. ನಾನು ಆ ಅಕ್ಕನ ಬಾಯಾರಿಕೆಯನ್ನಷ್ಟೇ ನೋಡಿದ್ದೆ.

ಅವತ್ತು ರಾತ್ರಿ ಪಾತ್ರೆಯ ನಿಯಮವನ್ನು ಪೂರ್ತಿ ಓದಿದೆ. ಮೊದಲು ಹಾಕಿದ್ದು ಅರ್ಧ ಮಾತ್ರ. ನಿಯಮ ಮೀರಿ ತಂದ ಹೊಸ ಪಾತ್ರೆಯನ್ನು ಸಂಘಕ್ಕೆ ಒಪ್ಪಿಸಬೇಕು. ಅದನ್ನು ಮೊದಲು ಹಿರಿಯ ಭಿಕ್ಖುವಿಗೆ ಕೊಡುತ್ತಾರೆ. ಅವರು ತೆಗೆದುಕೊಂಡರೆ ಅವರ ಹಳೆಯದು ಮುಂದಿನವರಿಗೆ. ಹೀಗೆ ಸಾಲು ಮುಗಿದಾಗ ಉಳಿಯುವ ಪಾತ್ರೆ, ಆಸೆಪಟ್ಟು ಹೊಸದು ತಂದವನಿಗೆ. ಒಡೆಯುವ ತನಕ ಅವನು ಅದನ್ನೇ ಇಟ್ಟುಕೊಳ್ಳಬೇಕು.

ಆ ಸಾಲಿನ ಹಿರಿತನ ಹುಟ್ಟಿನದಲ್ಲ, ದೀಕ್ಷೆಯದು. ಕ್ಷೌರಿಕ ಉಪಾಲಿಗೆ ಮೊದಲು ದೀಕ್ಷೆ ಕೊಡಿ ಎಂದು ಶಾಕ್ಯ ಕುಮಾರರೇ ಕೇಳಿಕೊಂಡದ್ದು ಗೊತ್ತಲ್ಲ. ಹಾಗಾಗಿ ಅವರಿಗಿಂತ ಮೊದಲು ಪಾತ್ರೆ ಆರಿಸಿಕೊಳ್ಳುವ ಹಕ್ಕು ಉಪಾಲಿಯದು. ಬಾಡಿದ ಹೂ ಗುಡಿಸುತ್ತಿದ್ದ ಸುನೀತನೂ ಇದೇ ಸಾಲಿನಲ್ಲಿ ಕೂತವನು. ಉಳಿದದ್ದು, ತೇಪೆ ಬಿದ್ದದ್ದು ಇಂಥ ಕುಲದವನಿಗೆ ಎಂಬ ಮಾತೇ ಆ ನಿಯಮದಲ್ಲಿಲ್ಲ.

ಈಗ ಕ್ಯಾರಿಯರ್ ಲೋಟ ನನ್ನದು. ಮಾಡಿದವನೇ ಅಂಗಿ ಒದ್ದೆ ಮಾಡಿಕೊಳ್ಳಲಿ ಅಂತ ಅವ್ವನ ತೀರ್ಪು.

ಮರುದಿನ ಆ ಅಕ್ಕ ಬಂದಾಗ ಒಳಗೆ ಕರೆದು, ನಾವು ಕುಡಿಯುವ ಲೋಟದಲ್ಲೇ ನೀರು ಕೊಟ್ಟೆ. ಬಾಯಿಗೆ ತಾಗಿಸದೆ ಎತ್ತಿ ಕುಡಿದರು. ತೊಳೆದಿಡಲು ನಲ್ಲಿ ಕಡೆ ಹೊರಟರು. ಅವ್ವ ಎದ್ದು ಹೋಗಿ ಕೈಯಿಂದ ಲೋಟ ಇಸಕೊಂಡಳು. ಹದಿನೈದು ದಿನವಾಯಿತು, ಈಗಲೂ ಅವರು ಎತ್ತಿಯೇ ಕುಡಿಯುತ್ತಾರೆ. ಆದರೆ ತೊಳೆಯಲು ಹೋಗುವುದು ನಿಂತಿದೆ. ನೆನ್ನೆ ಅವ್ವನ ಜೊತೆ ಕೂತು ಸೊಸೆಯ ವಿಷಯ ಮಾತಾಡಿದರು.

ಭಾನುವಾರ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಉಪಾಲಿ ಮತ್ತು ಸುನೀತರ ಭಾಗ ಓದುತ್ತೇವೆ. ಪುಸ್ತಕ ತನ್ನಿ. ವಿಹಾರದ ನೀರಿನ ಡ್ರಮ್ ಹತ್ತಿರದ ಲೋಟಗಳನ್ನೂ ಒಮ್ಮೆ ನೋಡೋಣ.

ಸಾಧು ಸಾಧು ಸಾಧು. ಜೈ ಭೀಮ್.