ಹಿಂದಿನ ಬೆಂಚಿಗೆ ಮಾತ್ರ ಕೇಳಿದ ಮಾತು

ಕಳೆದ ಮಳೆಗಾಲದಲ್ಲಿ ಒಂಬತ್ತನೆಯ ತರಗತಿಗೆ ಕನ್ನಡದ ಮಕ್ಕಳ ಚಲನಚಿತ್ರವೊಂದನ್ನು ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ತೋರಿಸಿದೆವು. ಹಳೆವಿದ್ಯಾರ್ಥಿಗಳು ಕೊಟ್ಟ ಆರು ಪೆಟ್ಟಿಗೆಗಳ ಸ್ಪೀಕರ್ ಸೆಟ್ಟು ಅಲ್ಲಿ ಉಂಟು. ಪೇಟೆಯಲ್ಲೂ ಬಸ್ಸಿನಲ್ಲೂ ಮಲಯಾಳವನ್ನೇ ಕೇಳುವ ಮಕ್ಕಳು ಒಳ್ಳೆಯ ಕನ್ನಡ ಸಂಭಾಷಣೆಯನ್ನು ಕಿವಿತುಂಬ ಕೇಳಲಿ ಎಂಬುದು ನಮ್ಮ ಆಸೆಯಾಗಿತ್ತು. ಆದರೆ ಆದದ್ದೇ ಬೇರೆ. ಸಂಗೀತ ಕೋಣೆಯನ್ನು ನಡುಗಿಸಿತು. ಮಾತು ಮಾತ್ರ ಮುಂದಿನ ಸಾಲಿಗೆ ಕೇಳಿಸಲಿಲ್ಲ. ಚೆಂಡೆ ಕೇಳಿ ಅರ್ಥ ಕೇಳಿಸದ ತಾಳಮದ್ದಳೆಯಂತಾಯಿತು. ಧ್ವನಿ ಏರಿಸಿದಷ್ಟೂ ಅಬ್ಬರವೇ ಏರಿತು. ಆಗ ಹಿಂದಿನ ಬೆಂಚಿನ ಹುಡುಗನೊಬ್ಬ, “ಸಾರ್, ಮಾತು ಹಿಂದಿನಿಂದ ಬರುತ್ತದೆ, ನಮಗೆ ಚೆನ್ನಾಗಿ ಕೇಳುತ್ತದೆ” ಎಂದ. ತಮಾಷೆಯೆಂದು ತಿಳಿದು ಗದರಿಸಿ ಕೂರಿಸಿದೆವು. ಅವನು ಹೇಳಿದ್ದೇ ನಿಜವೆಂದು ತಿಳಿಯಲು ನಮಗೆ ಎರಡು ದಿನ ಬೇಕಾಯಿತು.

ಇದನ್ನು ಅರಿಯಲು ಈ ಸೆಟ್ಟಿನ ಕ್ರಮ ತಿಳಿದಿರಬೇಕು. ಇದನ್ನು 5.1 ಎನ್ನುತ್ತಾರೆ. ಮುಂದೆ ಎಡ, ನಡು, ಬಲ. ಹಿಂದೆ ಎಡ, ಬಲ: ಹೀಗೆ ಐದು. ಸುಮಾರು 120 ಹರ್ಟ್ಸ್‌ಗಿಂತ ಕೆಳಗಿನ ಗುಡುಗಿನಂಥ ಸದ್ದಿಗೆ ದೊಡ್ಡ ಪೆಟ್ಟಿಗೆ ಒಂದು. ಅದೇ ಚುಕ್ಕೆಯ ಮುಂದಿನ 1. ಚಲನಚಿತ್ರಗಳಲ್ಲಿ ಪಾತ್ರಗಳ ಮಾತು ಹೆಚ್ಚಾಗಿ ಬರುವುದು ನಡುವಿನ ಪೆಟ್ಟಿಗೆಯಿಂದ. ಆ ಒಂದು ದಾರಿ ತಪ್ಪಿದರೆ ಉಳಿದ ಐದೂ ಸರಿಯಿದ್ದರೂ ಕಥೆ ತಿಳಿಯದು.

ಕಂಪ್ಯೂಟರಿನ ಹಿಂಬದಿಯಲ್ಲಿ ಬಣ್ಣದ ಕಿಂಡಿಗಳಿರುತ್ತವೆ. ಹಸಿರು ಮುಂದಿನ ಎಡಬಲಗಳಿಗೆ, ಕಪ್ಪು ಹಿಂದಿನ ಎಡಬಲಗಳಿಗೆ, ಕಿತ್ತಳೆ ನಡುವಿನದಕ್ಕೂ ದೊಡ್ಡ ಪೆಟ್ಟಿಗೆಗೂ ಸೇರಿದ್ದು. ರಜೆಯಲ್ಲಿ ಮೇಜು ಸರಿಸಿದಾಗ ಕಪ್ಪು, ಕಿತ್ತಳೆ ಪಿನ್ನುಗಳು ಅದಲುಬದಲಾಗಿದ್ದವು. ಆದುದರಿಂದ ನಡುವಿನ ಮಾತು ಹಿಂದಿನ ಎಡ ಪೆಟ್ಟಿಗೆಗೆ ಹೋಯಿತು. ಹಿಂದಿನ ಬೆಂಚಿಗೆ ಪಾಠ, ಮುಂದಿನ ಬೆಂಚಿಗೆ ಬರಿಯ ಗದ್ದಲ!

ಇಂಥ ದೋಷ ಕಂಡಾಗ ಅವಸರದಿಂದ ಎಲ್ಲವನ್ನೂ ತಿರುಗಿಸಬಾರದು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ, ಕೇಳಿ ನೋಡಬೇಕು. ಕ್ರಮ ಹೀಗಿದೆ:

1. ಮೊದಲು ಪಿನ್ನುಗಳ ಬಣ್ಣ ನೋಡಿರಿ. ಪೂರ್ತಿ ಒಳಗೆ ಕೂತಿವೆಯೇ ಎಂದು ಒತ್ತಿ ನೋಡಿರಿ.

2. ವಿಂಡೋಸ್‌ನ ಸೌಂಡ್ ಸೆಟ್ಟಿಂಗಿನಲ್ಲಿ ‘ಮೋರ್ ಸೌಂಡ್ ಸೆಟ್ಟಿಂಗ್ಸ್’ ತೆರೆದು, ಸ್ಪೀಕರನ್ನು ಆರಿಸಿ, ‘ಕಾನ್ಫಿಗರ್’ ಒತ್ತಿದರೆ ‘ಟೆಸ್ಟ್’ ಎಂಬ ಗುಂಡಿ ಉಂಟು. ಅದು ಪೆಟ್ಟಿಗೆಗಳನ್ನು ಒಂದೊಂದಾಗಿ ನುಡಿಸುತ್ತದೆ. ಪರದೆಯ ಚಿತ್ರದಲ್ಲಿ ಹೊಳೆಯುವ ಪೆಟ್ಟಿಗೆಯೂ ಕೋಣೆಯಲ್ಲಿ ನುಡಿಯುವ ಪೆಟ್ಟಿಗೆಯೂ ಒಂದೇ ಆಗಿರಬೇಕು. ನಮ್ಮ ದೋಷ ಸಿಕ್ಕಿದ್ದು ಇಲ್ಲಿಯೇ.

3. ಎರಡೇ ಪೆಟ್ಟಿಗೆಗಳಿದ್ದು ಕಂಪ್ಯೂಟರಿನಲ್ಲಿ 5.1 ಎಂದು ಆರಿಸಿದ್ದರೆ ನಡುವಿನ ಮಾತಿಗೆ ಬಾಯಿಯೇ ಇಲ್ಲದಾಗುತ್ತದೆ. ಅಲ್ಲಿ ‘ಸ್ಟೀರಿಯೋ’ ಆರಿಸಿದರೆ ಮಾತು ಎರಡು ಪೆಟ್ಟಿಗೆಗಳಿಗೂ ಹಂಚಿಹೋಗುತ್ತದೆ. ಇನ್ನು, ಎರಡೇ ದಾರಿಯಲ್ಲಿ ಮುದ್ರಿಸಿದ ಹಾಡನ್ನು ಆರು ಪೆಟ್ಟಿಗೆಗಳ ಸೆಟ್ಟಿನಲ್ಲಿ ಹಾಕಿದಾಗ ಮುಂದಿನ ಎರಡೇ ನುಡಿದರೆ ಅದು ದೋಷವಲ್ಲ.

4. ಮಾತು ಸರಿಯಾದ ಜಾಗದಿಂದ ಬಂದರೂ ಸಣ್ಣದಾಗಿದ್ದರೆ ‘ಲೆವೆಲ್ಸ್’ ಪುಟದ ‘ಬ್ಯಾಲೆನ್ಸ್’ನಲ್ಲಿ ನಡುವಿನದನ್ನು ಮಾತ್ರ ಏರಿಸಿರಿ, ಇಲ್ಲವೇ ಉಳಿದವನ್ನು ಇಳಿಸಿರಿ.

5. ಕಂಪ್ಯೂಟರಿನಲ್ಲಿ ಕರೆ ಬಂದಾಗ ಬೇರೆ ಸದ್ದು ತಟ್ಟನೆ ತಗ್ಗಿದರೆ ‘ಕಮ್ಯುನಿಕೇಷನ್ಸ್’ ಪುಟ ನೋಡಿರಿ. ಕರೆಯ ವೇಳೆ ಇತರ ಸದ್ದನ್ನು 80 ಶೇಕಡಾ ಇಳಿಸುವ ಏರ್ಪಾಡು ಅಲ್ಲಿ ಮೊದಲೇ ಇರುತ್ತದೆ. ಅದನ್ನು ‘ಡು ನಥಿಂಗ್’ ಎಂದು ಬದಲಿಸಿದರೆ ಸಾಕು.

ಒಟ್ಟು ಧ್ವನಿಯನ್ನೇ ಏರಿಸಿದರೆ ಏಕೆ ಸಾಲದು? ವಿಜ್ಞಾನದ ಪಾಠವನ್ನು ನೆನೆಯೋಣ. ಶಕ್ತಿ ಇಮ್ಮಡಿಯಾದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ನಮ್ಮ ಕಿವಿಗೆ ಇಮ್ಮಡಿ ಎನಿಸಲು ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ಶಕ್ತಿ ಬೇಕು. ಒಟ್ಟು ಧ್ವನಿ ಏರಿಸಿದಾಗ ಮಾತಿನೊಡನೆ ಸಂಗೀತವೂ ಅಷ್ಟೇ ಏರುವುದರಿಂದ ಅವುಗಳ ಅಂತರ ಹಾಗೆಯೇ ಉಳಿಯುತ್ತದೆ. ಪೆಟ್ಟಿಗೆಗೂ ಕಿವಿಗೂ ಆಯಾಸ ಮಾತ್ರ.

ಮೂರನೆಯ ದಿನ ತರಗತಿಯ ಮುಂದೆ ಆ ಹುಡುಗನನ್ನು ಕರೆದು, ತಪ್ಪು ನಮ್ಮದೆಂದು ಹೇಳಿದೆವು. ‘ಟೆಸ್ಟ್’ ಗುಂಡಿಯನ್ನು ಅವನಿಂದಲೇ ಒತ್ತಿಸಿದೆವು. ಚಿತ್ರವನ್ನು ಮತ್ತೆ ಮೊದಲಿನಿಂದ ತೋರಿಸಿದಾಗ ಎಲ್ಲ ಸಾಲಿನವರೂ ಒಟ್ಟಿಗೆ ನಕ್ಕರು. ಕಿಂಡಿಗಳ ಬಣ್ಣ ಬರೆದ ಚೀಟಿಯೊಂದನ್ನು ಈಗ ಆ ಮೇಜಿಗೆ ಅಂಟಿಸಿದ್ದೇವೆ. ಅಕ್ಷರ ಆ ಹುಡುಗನದೇ. ಯಂತ್ರ ಕೆಟ್ಟಿತೆಂದು ತೀರ್ಮಾನಿಸುವ ಮೊದಲು ಕೇಳುವವರು ಏನನ್ನುತ್ತಾರೆಂದು ಕೇಳಬೇಕು. ಅಂದು ನಾವು ಕಲಿತ ಮೊದಲ ಪಾಠ ಇದೇ.