ಚರ್ಮದ ಒಣಗುವಿಕೆ ಮತ್ತು ಕಪ್ಪು

ಮಾಘಮಾಸದ ಒಂದು ಮಧ್ಯಾಹ್ನ ನಾವು ಶ್ರೀರಂಗಪಟ್ಟಣದ ಬಳಿಯ ಕರಿಘಟ್ಟದ ಮೆಟ್ಟಲುಗಳನ್ನು ಹತ್ತಿ, ಶ್ರೀನಿವಾಸನ ಗುಡಿಯ ಮುಂದೆ ನಿಂತು, ತಪ್ಪಲಲ್ಲಿ ಹರಿಯುವ ಲೋಕಪಾವನಿಯನ್ನು ನೋಡಿ ಬಂದೆವೆನ್ನೋಣ. ಮುಂಗೈಯನ್ನು ಉಗುರಿನಿಂದ ಗೀರಿದರೆ ಬಿಳಿಯ ಗೆರೆ ಮೂಡುತ್ತದೆ. ಕೆಲವು ದಿನಗಳಲ್ಲಿ ಮುಖವೂ ಕಪ್ಪಿಡುತ್ತದೆ. ಇವೆರಡಕ್ಕೂ ಕಾರಣಗಳು ಬೇರೆ ಬೇರೆ.

ಚರ್ಮದ ಮೇಲ್ಪದರವು ಸತ್ತ ಕೋಶಗಳ ಗೋಡೆ. ಕೋಶಗಳ ನಡುವಣ ಕೊಬ್ಬೇ ಅದರ ಗಾರೆ. ಒಣಹವೆಯಲ್ಲಿ ನೀರಾವಿಯ ಒತ್ತಡ ಕಡಿಮೆಯಾದುದರಿಂದ ಚರ್ಮದ ನೀರು ಬೇಗನೆ ಆವಿಯಾಗುತ್ತದೆ. ಸುಡುನೀರೂ ಖಾರವಾದ ಸಾಬೂನೂ ಆ ಗಾರೆಯನ್ನು ತೊಳೆದು ಹಾಕುತ್ತವೆ. ಸ್ನಾನವಾದೊಡನೆ, ಮೈ ಇನ್ನೂ ಹಸಿಯಾಗಿರುವಾಗಲೇ, ಪೆಟ್ರೋಲಿಯಂ ಜೆಲ್ಲಿಯನ್ನಾಗಲಿ ಕೊಬ್ಬರಿ ಎಣ್ಣೆಯನ್ನಾಗಲಿ ಸವರಬೇಕು. ಎಣ್ಣೆಯು ನೀರನ್ನು ಕೊಡುವುದಿಲ್ಲ. ಇರುವ ನೀರನ್ನು ಹೋಗಗೊಡುವುದಿಲ್ಲ.

ಇನ್ನು ಕಪ್ಪಿನ ವಿಚಾರ. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳಿವೆ. ಅವುಗಳ ತರಂಗದೂರ 400 ನ್ಯಾನೊಮೀಟರಿಗಿಂತ ಕಡಿಮೆ. ಮೆಲನಿನ್ ಎಂಬ ವರ್ಣದ್ರವ್ಯವು ಕೋಶದ ಬೀಜಕೇಂದ್ರದ ಮೇಲೆ ಕೊಡೆಯಂತೆ ಹರಡಿ ಈ ಕಿರಣಗಳನ್ನು ಹೀರಿಕೊಳ್ಳುತ್ತದೆ. ಹೀಗೆ ಬಂದ ಕಪ್ಪು ರೋಗವಲ್ಲ, ರಕ್ಷಣೆಯ ಏರ್ಪಾಡು. ನೆರಳು, ಕೊಡೆ, ತುಂಬುತೋಳಿನ ಬಟ್ಟೆ, ಬಿಸಿಲು ತಡೆಯುವ ಲೇಪ, ಇವೇ ಅದಕ್ಕೆ ತಕ್ಕ ಉಪಾಯಗಳು.

ಆದರೆ ಬೆಳ್ಳಗಾಗುವ ಆಸೆಯಿಂದ ಕೆಲವರು ಸ್ಟೆರಾಯ್ಡ್ ಬೆರೆತ ಲೇಪಗಳನ್ನು ತಿಂಗಳುಗಟ್ಟಲೆ ಹಚ್ಚುತ್ತಾರೆ. ಮೊದಲು ಮುಖ ತಿಳಿಯಾದಂತೆ ಕಂಡರೂ, ಬರುಬರುತ್ತ ಚರ್ಮ ತೆಳುವಾಗಿ ಕೆಂಪಾಗುತ್ತದೆ, ಮೊಡವೆಗಳೇಳುತ್ತವೆ. ಬಿಟ್ಟೊಡನೆ ಉರಿ ಹೆಚ್ಚುತ್ತದೆ. ಇಂತಹ 14 ಔಷಧಗಳ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಭಾರತ ಸರ್ಕಾರವು 2018ರಲ್ಲಿ ವಿಧಿಸಿತು. ಬಹುಕಾಲದಿಂದ ಹಚ್ಚುತ್ತಿರುವವರು ತಾವಾಗಿಯೇ ಹಠಾತ್ತನೆ ನಿಲ್ಲಿಸದೆ ಚರ್ಮವೈದ್ಯರನ್ನು ಕಾಣಬೇಕು. ಕೆನ್ನೆಯ ಮೇಲೆ ಉಳಿದು ನಿಲ್ಲುವ ಕಪ್ಪು ಮಚ್ಚೆಗಳನ್ನೂ ಅವರಿಗೇ ತೋರಿಸುವುದು ಲೇಸು.